ಬಳ್ಳಾರಿ ಜೀನ್ಸು, ಬಾಗುವ ಫೋನು

2014ರ ಸೆಪ್ಟೆಂಬರ್ ಕೊನೆಯ ವಾರ ಆ್ಯಪಲ್ ಕಂಪನಿ ತನ್ನ ಪ್ರಯೋಗಾಲಯದ ಬಾಗಿಲನ್ನು ಪತ್ರಕರ್ತರಿಗೆ ತೆರೆದು ತೋರಿಸಿತು. ಗುಟ್ಟು ಬಿಟ್ಟುಕೊಡುವ ಜಾಯಮಾನದ ಕಂಪನಿ ಅದಲ್ಲ. ಆದರೆ ಆಗ ಮರ್ಯಾದೆಯ ಪ್ರಶ್ನೆ ಎದುರಾಗಿತ್ತು. ಒಳಗೆ ಯಂತ್ರಗಳು ಹೊಸ ಫೋನುಗಳನ್ನು ಒತ್ತುತ್ತಿದ್ದವು, ತಿರುಚುತ್ತಿದ್ದವು, ಅವುಗಳ ಮೇಲೆ ಕೂರುತ್ತಿದ್ದವು. ಹೌದು, ಕೂರುವ ಪರೀಕ್ಷೆ. ಅದರಲ್ಲೂ ಅತಿ ಕಠಿಣವಾದದ್ದು ಯಾವುದು ಗೊತ್ತೇ? ಮೈಗಂಟಿದ ಜೀನ್ಸ್ ತೊಟ್ಟವರು ಫೋನನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು, ಗಟ್ಟಿ ಜಾಗದ ಮೇಲೆ ಒಂದು ಮಗ್ಗುಲಾಗಿ ಕುಳಿತರೆ ಏನಾದೀತು ಎಂಬುದು.

ಈ ವಿಷಯದಲ್ಲಿ ಎರಡು ಮಾತು ಹೇಳುವ ಹಕ್ಕು ಬಳ್ಳಾರಿಗಿದೆ. ಕೌಲ್‌ಬಜಾರ್‌ನ ಓಣಿಗಳಲ್ಲಿ, ಮುಂಡರಗಿಯ ಅಪೆರಲ್ ಪಾರ್ಕಿನಲ್ಲಿ ಹೊಲಿಗೆ ಯಂತ್ರಗಳು ಸದ್ದು ಮಾಡುತ್ತಲೇ ಇರುತ್ತವೆ. ದೇಶದ ಮೂಲೆಮೂಲೆಯ ಮಾರುಕಟ್ಟೆಗೆ ಕೈಗೆಟುಕುವ ಬೆಲೆಯ ಜೀನ್ಸ್ ಹೋಗುವುದು ಇಲ್ಲಿಂದ. ಒಂದು ಪ್ಯಾಂಟನ್ನು ಕೈಗೆತ್ತಿಕೊಂಡು ನೋಡಿ. ಮುಂದಿನ ಜೇಬು ಚೀಲದಂತಿರುತ್ತದೆ. ತೆಳ್ಳನೆಯ ಅಸ್ತರಿ ಬಟ್ಟೆಯ ಆ ಚೀಲ ಪ್ಯಾಂಟಿನ ಒಳಗೆ ತೊಡೆಯ ಮೇಲೆ ಸಡಿಲವಾಗಿ ಇಳಿಬಿದ್ದಿರುತ್ತದೆ. ಹಿಂದಿನ ಜೇಬಿಗೆ ಚೀಲವೇ ಇಲ್ಲ. ಐದು ಮೂಲೆಯ ಒಂದು ಡೆನಿಮ್ ತುಂಡನ್ನು ಪ್ಯಾಂಟಿನ ಮೇಲಿಟ್ಟು ಸುತ್ತ ಎರಡು ಸಾಲು ಹೊಲಿಗೆ ಹಾಕಿ, ಬಾಯಿಯ ಎರಡು ಕೊನೆಗೂ ಬಾರ್‌ಟ್ಯಾಕ್ ಎಂಬ ಒತ್ತೊತ್ತಾದ ಗಟ್ಟಿ ಹೊಲಿಗೆ ಹೊಡೆದಿರುತ್ತಾರೆ. ಅದರೊಳಗೆ ಸೇರಿದ ವಸ್ತುವಿಗೆ ಅತ್ತಿತ್ತ ಸರಿಯಲು ಜಾಗವೇ ಇರುವುದಿಲ್ಲ. ಒಂದು ಬದಿಗೆ ದಪ್ಪ ಡೆನಿಮ್, ಇನ್ನೊಂದು ಬದಿಗೆ ಮೈ. ಕುಳಿತಾಗ ಮೈ ಗುಂಡಗಾಗುತ್ತದೆ, ಬಟ್ಟೆ ಬಿಗಿಯಾಗುತ್ತದೆ. ನಡುವಿನ ಫೋನು ಮಾತ್ರ ನೆಟ್ಟಗೇ ಇರಬೇಕೆಂದು ನಾವು ಬಯಸುತ್ತೇವೆ.

ಲೈಕ್ರಾ ಬೆರೆಸಿದ, ಎಳೆದರೆ ಹಿಗ್ಗುವ ಬಟ್ಟೆ ಬಂದ ಮೇಲೆ ಪ್ಯಾಂಟುಗಳು ಇನ್ನಷ್ಟು ಬಿಗಿಯಾದವು. ಅದೇ ವರ್ಷಗಳಲ್ಲಿ ಫೋನುಗಳು ಉದ್ದವಾದವು, ತೆಳ್ಳಗಾದವು. ಇವೆರಡರ ಭೇಟಿ ಆಗಲೇಬೇಕಿತ್ತು.

ಆದದ್ದು ಐಫೋನ್ 6 ಪ್ಲಸ್ ಕಾಲಕ್ಕೆ. 2014ರ ಸೆಪ್ಟೆಂಬರ್ 19ರಂದು ಐಫೋನ್ 6 ಜೊತೆಗೆ ಮಾರುಕಟ್ಟೆಗೆ ಬಂದ ಈ ಫೋನಿನ ದಪ್ಪ 7.1 ಮಿಲಿಮೀಟರ್, ಉದ್ದ 158.1 ಮಿಲಿಮೀಟರ್. ಮೊದಲ ವಾರಾಂತ್ಯದಲ್ಲೇ ಎರಡೂ ಮಾದರಿ ಸೇರಿ ಒಂದು ಕೋಟಿಗೂ ಮಿಕ್ಕಿ ಮಾರಾಟವಾದವು. ದಿನಕಳೆಯುವಷ್ಟರಲ್ಲಿ ಜೇಬಿನಲ್ಲಿಟ್ಟ ಫೋನು ಬಾಗಿದೆ ಎಂಬ ಚಿತ್ರಗಳು ಹರಿದಾಡತೊಡಗಿದವು. ಕೆನಡಾದ ಲೂಯಿಸ್ ಹಿಲ್ಸೆನ್‌ಟೆಗರ್ ತಮ್ಮ 'ಅನ್‌ಬಾಕ್ಸ್ ಥೆರಪಿ' ಯೂಟ್ಯೂಬ್ ವಾಹಿನಿಯಲ್ಲಿ ಹೊಚ್ಚಹೊಸ 6 ಪ್ಲಸ್ ಅನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ ಬಾಗಿಸಿದ ವಿಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದರು. ಹಗರಣಕ್ಕೆ 'ಬೆಂಡ್‌ಗೇಟ್' ಎಂಬ ಹೆಸರೂ ಬಿತ್ತು. ಮೊದಲ ಆರು ದಿನಗಳಲ್ಲಿ 6 ಪ್ಲಸ್ ಬಾಗಿದೆ ಎಂದು ದೂರಿದವರು 9 ಮಂದಿ ಮಾತ್ರ ಎಂದು ಆ್ಯಪಲ್ ಹೇಳಿತು. ಪ್ರಯೋಗಾಲಯದ ಬಾಗಿಲು ತೆರೆದದ್ದು ಆ ಹೊತ್ತಿನಲ್ಲೇ.

ಬರೀ ಒಂಬತ್ತು ಮಂದಿ. ಲೆಕ್ಕಕ್ಕೆ ಸಿಗದಷ್ಟು ಸಣ್ಣ ಪ್ರಮಾಣ. ಆದರೆ ಆರು ದಿನದ ಲೆಕ್ಕದಿಂದ ಎರಡು ವರ್ಷ ಬಾಳಬೇಕಾದ ಫೋನಿನ ಹಣೆಬರಹ ಗೊತ್ತಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಎಂಬ ಬಳಕೆದಾರರ ಪತ್ರಿಕೆ ಯೂಟ್ಯೂಬಿನ ಹೆಬ್ಬೆರಳನ್ನು ನಂಬಲಿಲ್ಲ. ಫೋನಿನ ಎರಡು ತುದಿಗೆ ಆಸರೆ ಕೊಟ್ಟು ನಟ್ಟನಡುವೆ ಯಂತ್ರದಿಂದ ಒತ್ತಿ, ಎಷ್ಟು ಭಾರಕ್ಕೆ ಯಾವುದು ಬಾಗುತ್ತದೆ ಎಂದು ಅಳೆಯಿತು. ಬಂದ ಅಂಕಿಗಳು ಎಲ್ಲರ ಎಣಿಕೆಯನ್ನೂ ತಲೆಕೆಳಗು ಮಾಡಿದವು. ಎಲ್ಲರೂ ಬೈಯುತ್ತಿದ್ದ 6 ಪ್ಲಸ್ ಸುಮಾರು 41 ಕೆ.ಜಿ.ಗೆ ಬಾಗಿತು, ಯಾರೂ ಬೈಯದ ಚಿಕ್ಕ ಐಫೋನ್ 6 ಸುಮಾರು 32 ಕೆ.ಜಿ.ಗೇ ಶರಣಾಯಿತು. ಲೋಹದ ಮೈಯ ಎಚ್‌ಟಿಸಿ ಒನ್ ಎಂ8 ಕೂಡ 32 ಕೆ.ಜಿ.ಗೆ ಬಾಗಿತು, ಆದರೆ ಅದರ ಬಗ್ಗೆ ಗದ್ದಲವೇ ಇರಲಿಲ್ಲ. ಪ್ಲಾಸ್ಟಿಕ್ ಮೈಯ ಎಲ್‌ಜಿ ಜಿ3 ಸುಮಾರು 59 ಕೆ.ಜಿ. ತಡೆಯಿತು, ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 3 ಸುಮಾರು 68. ಪ್ಲಾಸ್ಟಿಕ್ ಎಂದರೆ ಅಗ್ಗ, ಲೋಹ ಎಂದರೆ ಗಟ್ಟಿ ಎಂದು ನಂಬಿ ಹೆಚ್ಚು ದುಡ್ಡು ಕೊಟ್ಟವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಹಾಗಾದರೆ 6 ಪ್ಲಸ್ ಮೇಲೆ ಬಂದ ಆರೋಪ ಸುಳ್ಳೇ? ಅಲ್ಲ. ಯಂತ್ರ ಒತ್ತಿದ್ದು ಫೋನಿನ ನಡುವಿನಲ್ಲಿ. ಬಾಗಿದ ಫೋನುಗಳ ಚಿತ್ರಗಳಲ್ಲಿ ಮಡಿಕೆ ಬಿದ್ದದ್ದು ಮೇಲುಭಾಗದಲ್ಲಿ, ಧ್ವನಿ ಹೆಚ್ಚುಕಡಿಮೆ ಮಾಡುವ ಬಟನ್‌ಗಳ ಪಕ್ಕ. ಅಲ್ಲಿ ಬಟನ್ ಕೂರಿಸಲು ಅಲ್ಯುಮಿನಿಯಂ ಚೌಕಟ್ಟಿಗೆ ತೂತು ಹಾಕಿರುತ್ತಾರೆ. ತೂತಿರುವಲ್ಲಿ ಲೋಹ ಕಡಿಮೆ, ಲೋಹ ಕಡಿಮೆಯಾದಲ್ಲಿ ಒತ್ತಡವೆಲ್ಲ ಬಂದು ಗುಡ್ಡೆ ಬೀಳುತ್ತದೆ.

ದಪ್ಪದ ಲೆಕ್ಕವೂ ಸ್ವಲ್ಪ ನೋಡೋಣ. ಬಳ್ಳಾರಿ ಜಿಲ್ಲೆಯವರಿಗೆ ಲೋಹದ ಹಾಳೆ ಹೊಸದೇನಲ್ಲ. ಸಂಡೂರಿನ ಅದಿರು ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯಾಗಿ ಸುರುಳಿ ಸುತ್ತಿಕೊಂಡು ಹೊರಬರುತ್ತದೆ. ಹಾಳೆ ಎಷ್ಟು ಬಿರುಸು ಎಂಬುದು ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಅರ್ಧವಾದರೆ ಬಿರುಸು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐಫೋನ್ 5ಎಸ್‌ನ ದಪ್ಪ 7.6 ಮಿ.ಮೀ., 6 ಪ್ಲಸ್‌ನದು 7.1. ಅರ್ಧ ಮಿಲಿಮೀಟರ್ ಎಂದರೆ ಉಗುರಿನಷ್ಟು. ಆದರೆ ಗಟ್ಟಿ ಪಟ್ಟಿಯ ಲೆಕ್ಕ ಹಾಕಿದರೆ ಅಷ್ಟಕ್ಕೇ ಬಿರುಸಿನಲ್ಲಿ ಶೇ 18ರಷ್ಟು ಖೋತಾ. ಜೊತೆಗೆ ಉದ್ದ 123.8 ಮಿ.ಮೀ.ನಿಂದ 158.1ಕ್ಕೆ ಏರಿತು, ಉದ್ದ ಹೆಚ್ಚಿದಷ್ಟೂ ಒತ್ತುವ ಕೈಗೆ ಮೀಟುಗೋಲಿನ ಬಲ ಸಿಗುತ್ತದೆ. ಅಗಲ ಹೆಚ್ಚಿದ್ದರಿಂದ ಕೊಂಚ ಆಸರೆ ಸಿಕ್ಕಿತು ನಿಜ, ಆದರೆ ಫೋನು ಗಟ್ಟಿ ಪಟ್ಟಿಯೂ ಅಲ್ಲ. ಬ್ಯಾಟರಿ, ಬೋರ್ಡು, ಕ್ಯಾಮೆರಾ ತುಂಬಿದ ಟೊಳ್ಳು ಡಬ್ಬಿ.

ಈ ಕಥೆಯ ಮುಖ್ಯ ಭಾಗ ಹೊರಗಿನ ಮಡಿಕೆಯಲ್ಲಿಲ್ಲ, ಡಬ್ಬಿಯ ಒಳಗಿದೆ.

2015–16ರ ಹೊತ್ತಿಗೆ 6 ಮತ್ತು 6 ಪ್ಲಸ್ ಫೋನುಗಳಲ್ಲಿ ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಪರದೆಯ ಮೇಲ್ತುದಿಯಲ್ಲಿ ಬೂದು ಬಣ್ಣದ ಪಟ್ಟಿಯೊಂದು ಮಿನುಗುತ್ತದೆ. ಆಮೇಲೆ ಬೆರಳಿಟ್ಟರೆ ಪರದೆ ಓಗೊಡುವುದಿಲ್ಲ. ನಮ್ಮ ರಿಪೇರಿ ಅಂಗಡಿಗಳ ಮಾತಿನಲ್ಲಿ 'ಟಚ್ ಹೋಗಿದೆ'. ಡಿಸ್‌ಪ್ಲೇ ಬದಲಿಸಿದರೂ ವಾಸಿಯಾಗದು. ಫೋನನ್ನು ಸ್ವಲ್ಪ ತಿರುಚಿದರೆ ಅಥವಾ ಒತ್ತಿ ಹಿಡಿದರೆ ಕೆಲ ಹೊತ್ತು ಸರಿಹೋಗಿ, ಮತ್ತೆ ಕೈಕೊಡುತ್ತದೆ. ಬಿಚ್ಚಿ ನೋಡಿದ ಮೆಕ್ಯಾನಿಕ್‌ಗಳು ಮೂಲವನ್ನು ಪತ್ತೆ ಮಾಡಿದರು. ಸ್ಪರ್ಶವನ್ನು ಗ್ರಹಿಸುವ ಚಿಪ್ಪು ಬೋರ್ಡಿನ ಮೇಲೆ ಬೆಸುಗೆಯ ಸಣ್ಣ ಸಣ್ಣ ಗುಂಡುಗಳ ಮೇಲೆ ಕೂತಿರುತ್ತದೆ. ಚೌಕಟ್ಟು ಪ್ರತಿಸಲ ಒಂದಿಷ್ಟು ಬಳುಕಿದಾಗ ಬೋರ್ಡೂ ಬಳುಕುತ್ತದೆ, ಚಿಪ್ಪು ಬಳುಕುವುದಿಲ್ಲ. ನಡುವಿನ ಬೆಸುಗೆಯ ಗುಂಡುಗಳಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಫೋನು ನೆಟ್ಟಗೇ ಇದೆ. ಕುಳಿತು ಎದ್ದು ಮಾಡಿದ ನೂರಾರು ಸಲದ ಲೆಕ್ಕ ಒಳಗೆ ಜಮೆಯಾಗಿದೆ.

2016ರ ನವೆಂಬರ್‌ನಲ್ಲಿ ಆ್ಯಪಲ್ 6 ಪ್ಲಸ್‌ಗಾಗಿ ವಿಶೇಷ ರಿಪೇರಿ ಯೋಜನೆ ಪ್ರಕಟಿಸಿತು. ಗಟ್ಟಿ ನೆಲಕ್ಕೆ ಹಲವು ಸಲ ಬಿದ್ದು, ಆಮೇಲೂ ಒತ್ತಡಕ್ಕೆ ಸಿಕ್ಕಿದ ಫೋನುಗಳಿಗೆ ಹೀಗಾಗುತ್ತದೆ ಎಂಬ ವಿವರಣೆಯ ಜೊತೆಗೆ 149 ಡಾಲರ್ ಶುಲ್ಕವನ್ನೂ ಇಟ್ಟಿತು. ಗ್ರಾಹಕರು ಕೋರ್ಟಿಗೆ ಹೋದರು. 2018ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಲೂಸಿ ಕೋ ಅವರ ಆದೇಶದ ಮೂಲಕ ಕಂಪನಿಯ ಒಳಗಡತದ ಮಾತು ಹೊರಬಿತ್ತು: ಬಿಡುಗಡೆಗೆ ಮುಂಚೆ ನಡೆಸಿದ ಪರೀಕ್ಷೆಗಳಲ್ಲೇ ಐಫೋನ್ 6 ಬಾಗುವ ಸಂಭವ 5ಎಸ್‌ಗಿಂತ 3.3 ಪಟ್ಟು, 6 ಪ್ಲಸ್ ಬಾಗುವ ಸಂಭವ 7.2 ಪಟ್ಟು ಹೆಚ್ಚು ಎಂದು ಕಂಡುಬಂದಿತ್ತು. 2016ರ ಮೇ ತಿಂಗಳಿಂದಲೇ ಆ ಚಿಪ್ಪಿನ ಕೆಳಗೆ ಅಂಟು ತುಂಬಿ ಭದ್ರ ಮಾಡುವ ಬದಲಾವಣೆಯನ್ನು ಕಂಪನಿ ಸದ್ದಿಲ್ಲದೆ ಮಾಡಿತ್ತು ಎಂಬುದೂ ಬಯಲಾಯಿತು. ಫೋನು ಬಾಗುತ್ತದೆ ಎನ್ನುವುದು ಇಲ್ಲಿ ದೊಡ್ಡ ತಪ್ಪಲ್ಲ. ಗೊತ್ತಿದ್ದೂ ಗ್ರಾಹಕ ಫೋನು ಬೀಳಿಸಿದ್ದರತ್ತ ಬೆರಳು ತೋರಿಸಿದ್ದು ತಪ್ಪು.

ಐಫೋನ್ 6 ಬಂದ ಮರುವರ್ಷದ ಐಫೋನ್ 6ಎಸ್ ನೋಡಲು ಅದೇ ಫೋನು, ಆದರೆ ಮೈಯ ಲೋಹ ಬೇರೆ. ಹಿಂದಿನದು 6000 ಸರಣಿಯ ಅಲ್ಯುಮಿನಿಯಂ, ಇದು ವಿಮಾನಗಳಲ್ಲಿ ಬಳಸುವ ಜಾತಿಯ 7000 ಸರಣಿ. ಸತು ಬೆರೆಸಿದ ಈ ಮಿಶ್ರಲೋಹದ ಬಗ್ಗೆ ಒಂದು ಸೂಕ್ಷ್ಮವಿದೆ. ಸಣ್ಣ ಒತ್ತಡಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಳುಕುತ್ತವೆ. ವ್ಯತ್ಯಾಸ ಇರುವುದು ವಾಪಸ್ ಬರುವುದರಲ್ಲಿ. 6000 ಸರಣಿಯ ಸಾಮಾನ್ಯ ಮಿಶ್ರಲೋಹ ಒಂದು ಮಿತಿ ದಾಟಿದ ಮೇಲೆ ಬಾಗಿದಲ್ಲೇ ಉಳಿಯುತ್ತದೆ. 7000 ಸರಣಿಯದಕ್ಕೆ ಆ ಮಿತಿ ಎರಡು ಪಟ್ಟು ಅಥವಾ ಅದಕ್ಕಿಂತ ದೂರದಲ್ಲಿದೆ. ಅಂದಹಾಗೆ ಈ 6ಎಸ್‌ಗೂ ಕರ್ನಾಟಕಕ್ಕೂ ನಂಟಿದೆ. ತೈವಾನಿನ ವಿಸ್ಟ್ರಾನ್ ಕಂಪನಿ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆ ಆರಂಭಿಸಿ, 2018ರಲ್ಲಿ 6ಎಸ್ ಅನ್ನೂ ಕೈಗೆತ್ತಿಕೊಂಡಿತು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಬಂತು. 2023ರಲ್ಲಿ ಅದು ಟಾಟಾ ಪಾಲಾಯಿತು. ಈಗ ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಇದೆ. ಬಾಗುವ ಫೋನಿನ ಚರ್ಚೆ ಅಮೆರಿಕದಲ್ಲಿ ಹುಟ್ಟಿದ್ದರೂ ಬಾಗದ ಫೋನನ್ನು ಜೋಡಿಸಿದ ಕೈಗಳಲ್ಲಿ ನಮ್ಮವರೂ ಇದ್ದಾರೆ.

ಬಳ್ಳಾರಿ ನಗರ ಬಿಟ್ಟು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಕಡೆ ಹೋದರೆ ಜೇಬಿನ ಭೂಗೋಳವೇ ಬದಲಾಗುತ್ತದೆ. ತುಂಗಭದ್ರಾ ನೀರು ಕುಡಿದು ಭತ್ತ ಬೆಳೆಯುವ ಎರೆ ಭೂಮಿ ಇದು. ಕಾಲೇಜಿಗೆ ಹೋಗುವ ಹುಡುಗರದು ಜೀನ್ಸೇ. ಆದರೆ ಪಂಚೆ, ಲುಂಗಿಯವರ ಫೋನು ಇರುವುದು ಅಂಗಿಯ ಎದೆಜೇಬಿನಲ್ಲಿ, ಇಲ್ಲವೇ ಒಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ. ಪಟಾಪಟಿ ಚಡ್ಡಿಯ ಜೇಬು ಆಳವಾದದ್ದು, ಸಡಿಲವಾದದ್ದು. ತೆಳು ಫೋನಿಗೆ ಅದಕ್ಕಿಂತ ಸುಖದ ಮನೆ ಸಿಗುವುದು ಕಷ್ಟ. ಹೆಣ್ಣುಮಕ್ಕಳ ಫೋನು ಎಲೆಅಡಿಕೆ ಚೀಲದಲ್ಲೋ, ಪರ್ಸಿನಲ್ಲೋ, ಸೀರೆಯ ನಡುವಿಗೆ ಸಿಕ್ಕಿಸಿಕೊಂಡೋ ಇರುತ್ತದೆ. ಅವರ ಜೀನ್ಸಿಗೂ ಜೇಬು ಹೆಸರಿಗಷ್ಟೇ: 2018ರಲ್ಲಿ ಅಮೆರಿಕದ 'ದಿ ಪುಡಿಂಗ್' ಎಂಬ ಸಂಸ್ಥೆ ಪ್ರಸಿದ್ಧ ಬ್ರ್ಯಾಂಡುಗಳ ಜೀನ್ಸ್ ಅಳೆದಾಗ, ಹೆಂಗಸರ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ 48ರಷ್ಟು ಗಿಡ್ಡ ಎಂದು ತಿಳಿಯಿತು. ಮುಂದೆ ಹಿಡಿಸದ ಫೋನು ಹಿಂದಿನ ಜೇಬಿಗೆ ಹೋಗುತ್ತದೆ. ಬಳ್ಳಾರಿಯ ಹೊಲಿಗೆಗಾರರು ಮನಸ್ಸು ಮಾಡಿದರೆ ಎರಡು ಅಂಗುಲ ಅಸ್ತರಿಯಲ್ಲಿ ಪರಿಹಾರವಾಗುವ ಸಂಗತಿ ಇದು.

ಎದೆಜೇಬಿನ ಫೋನಿಗೆ ಬಾಗುವ ಭಯವಿಲ್ಲ, ಬೀಳುವ ಭಯವಿದೆ. ಪಂಪ್‌ಸೆಟ್ಟಿನ ಹತ್ತಿರ ಬಗ್ಗಿದರೆ, ಕಾಲುವೆಯಲ್ಲಿ ಕೈಕಾಲು ತೊಳೆಯಲು ಬಾಗಿದರೆ, ಮನುಷ್ಯನ ಜೊತೆಗೆ ಜೇಬೂ ಬಾಗುತ್ತದೆ. ಕೆಸರುಗದ್ದೆಗೆ ಬಿದ್ದರೆ ನೀರಿನ ಕಾಟ, ಸಿಮೆಂಟು ರಸ್ತೆಗೆ ಬಿದ್ದರೆ ಗಾಜಿನ ಕಾಟ. ಲೋಹಕ್ಕೂ ಗಾಜಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ: ಗಾಜು ನಮ್ಮ ಖಡಕ್ ರೊಟ್ಟಿಯ ಜಾತಿ, ಅದಕ್ಕೆ ಬಾಗಲು ಬರುವುದಿಲ್ಲ, ಮುರಿಯಲಷ್ಟೇ ಬರುತ್ತದೆ. ಅದನ್ನು ಗಟ್ಟಿಗೊಳಿಸಲು ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಅಯಾನುಗಳು ಹೊರಟು, ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಒತ್ತರಿಸಿಕೊಂಡು ಕೂರುತ್ತವೆ. ಹೀಗೆ ಒತ್ತರಿಸಿದ ಪದರದಲ್ಲಿ ಬಿರುಕು ಸುಲಭವಾಗಿ ಬಾಯಿ ಬಿಡದು. ಇಷ್ಟೆಲ್ಲ ಆದರೂ ಸಿಮೆಂಟಿನ ಚೂಪು ಹರಳಿನ ಮುಂದೆ ಗಾಜು ಸೋಲುವುದೇ ಹೆಚ್ಚು. ಟೆಂಪರ್ಡ್ ಗ್ಲಾಸಿಗೂ ಪೌಚಿಗೂ ಊರೂರಲ್ಲಿ ಗಿರಾಕಿ ಇರುವುದು ಅದಕ್ಕೇ.

2003ರಲ್ಲಿ ಬಂದ ನೋಕಿಯಾ 1100 ಅನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ದೂಳು ಹೋಗದ ರಬ್ಬರಿನ ಕೀಪ್ಯಾಡು, ತಲೆಯ ಮೇಲೊಂದು ಟಾರ್ಚು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೊರಟ ರೈತನಿಗೆ ಬೇಕಾದದ್ದು ಅಷ್ಟೇ. ಬಿದ್ದರೆ ಹಿಂದಿನ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ ಹಾರುತ್ತಿತ್ತು. ನೋಡಿದವರಿಗೆ ಒಡೆದುಹೋದಂತೆ ಕಂಡರೂ ಪೆಟ್ಟಿನ ಬಲ ಹಾಗೆ ಚೆದುರಿಹೋಗಿ ಫೋನು ಉಳಿಯುತ್ತಿತ್ತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನು ತೆಳ್ಳಗಿರಬೇಕೆಂದು ಯಾರೂ ಕೇಳಿರಲಿಲ್ಲ.

ಬಳ್ಳಾರಿ ಸೀಮೆಯ ಫೋನುಗಳಿಗೆ ಇನ್ನೊಂದು ಶತ್ರು ಇದೆ, ಬಿಸಿಲು. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ ಆ್ಯಪಲ್. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಬಳ್ಳಾರಿಯಲ್ಲಿ ಈ ಮಾತು ಕೇಳಿದರೆ ನಗು ಬರಬಹುದು. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ, ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಬಿಟ್ಟ ಫೋನಿನೊಳಗೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಒಳಗಿನ ದ್ರವ ಕೆಟ್ಟು ಅನಿಲವಾಗಿ, ಬ್ಯಾಟರಿ ಹಪ್ಪಳದ ಹಾಗೆ ಉಬ್ಬುತ್ತದೆ. ಆಗ ಡಿಸ್‌ಪ್ಲೇ ಅಂಟು ಬಿಟ್ಟು ಮೇಲೇಳುತ್ತದೆ, ಹಿಂಬದಿ ಕಮಾನಾಗುತ್ತದೆ. 'ಜೇಬಲ್ಲಿಟ್ಟು ಫೋನು ಬಾಗಿತು' ಎಂದು ತಂದು ತೋರಿಸುವ ಫೋನಿನಲ್ಲಿ ನಿಜವಾಗಿ ಆಗಿರುವುದು ಎಷ್ಟೋ ಸಲ ಇದೇ.

ಬ್ಯಾಟರಿಗೆ ಬಾಗುವುದೆಂದರೆ ಎಂಥ ಅಪಾಯ ಎಂಬುದಕ್ಕೆ 2016ರ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ 7 ಸಾಕ್ಷಿ. ಬೆಂಕಿ ಹತ್ತಿದ ಆ ಫೋನುಗಳ ತನಿಖೆಯ ವರದಿಯನ್ನು ಕಂಪನಿ 2017ರ ಜನವರಿಯಲ್ಲಿ ಮುಂದಿಟ್ಟಿತು. ಮೊದಲ ಕಂತಿನ ಬ್ಯಾಟರಿಗಳಿಗೆ ಒಳಗೆ ಸಾಕಷ್ಟು ಜಾಗ ಇರಲಿಲ್ಲ. ಮೇಲಿನ ಒಂದು ಮೂಲೆಯಲ್ಲಿ ಋಣವಿದ್ಯುದ್ವಾರದ ತುದಿ ಬಾಗಿ ಒಳಗೊಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತಿತ್ತು. ವಿಮಾನದಲ್ಲಿ ಆ ಫೋನನ್ನು ಬಳಸಬಾರದೆಂದು ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೂಡ ಆಗ ತಡೆ ಹಾಕಿತ್ತು.

ಇಷ್ಟೆಲ್ಲ ಪಾಠವಾದ ಮೇಲೂ ತೆಳ್ಳಗಿನ ಚಪಲ ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಸ್ಯಾಮ್ಸಂಗ್ 5.8 ಮಿ.ಮೀ. ದಪ್ಪದ ಎಸ್25 ಎಡ್ಜ್ ತಂದಿತು. ಸೆಪ್ಟೆಂಬರ್‌ನಲ್ಲಿ ಆ್ಯಪಲ್ 5.6 ಮಿ.ಮೀ. ದಪ್ಪದ ಐಫೋನ್ ಏರ್ ಬಿಡುಗಡೆ ಮಾಡಿತು. 6 ಪ್ಲಸ್‌ಗಿಂತ ಒಂದೂವರೆ ಮಿಲಿಮೀಟರ್ ತೆಳ್ಳಗೆ. ಈ ಸಲ ಎರಡೂ ಕಂಪನಿಗಳ ಚೌಕಟ್ಟು ಟೈಟಾನಿಯಂ. ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ತೂಗುವ ಈ ಲೋಹ ಬಳುಕಿದ ಮೇಲೆ ಮೊದಲಿನ ಆಕಾರಕ್ಕೆ ಬರುವುದರಲ್ಲಿ ಅಲ್ಯುಮಿನಿಯಂ ಅನ್ನು ಮೀರಿಸುತ್ತದೆ. ಆ್ಯಪಲ್‌ನ ಹಿರಿಯ ಅಧಿಕಾರಿ ಗ್ರೆಗ್ ಜೋಸ್ವಿಯಾಕ್ ಸಂದರ್ಶನವೊಂದರಲ್ಲಿ ಏರ್ ಫೋನನ್ನು ಪತ್ರಕರ್ತರ ಕೈಗೆ ಎಸೆದು, ಸಾಧ್ಯವಾದರೆ ಬಾಗಿಸಿ ನೋಡಿ ಎಂದರು. ಪತ್ರಕರ್ತರು ಬಲ ಹಾಕಿ ಬಾಗಿಸಿದರು. ಫೋನು ಬಳುಕಿ ಮತ್ತೆ ನೆಟ್ಟಗಾಯಿತು. ಕೈಬಲಕ್ಕೆ ಬಾಗದ ತೆಳು ಫೋನು ಮಾಡಲು ಬರುತ್ತದೆ ಎಂಬುದು ಸಾಬೀತಾಯಿತು. ಆದರೆ ತೆಳ್ಳಗಾಗಲು ಬ್ಯಾಟರಿ ಸಣ್ಣದಾಯಿತು, ಏರ್‌ನಲ್ಲಿ ಹಿಂಬದಿಯ ಕ್ಯಾಮೆರಾ ಒಂದಕ್ಕೆ ಇಳಿಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಹೊಲಕ್ಕೆ ಹೋಗಿ ಸಂಜೆಯವರೆಗೆ ಚಾರ್ಜರ್ ಮುಖ ನೋಡದವರಿಗೆ ಇದು ನಷ್ಟದ ವ್ಯಾಪಾರ.

ಕೊಳ್ಳುವವರಿಗೆ ಇದೆಲ್ಲ ಮೊದಲೇ ಗೊತ್ತಾಗುವುದು ಹೇಗೆ? ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟವಾಗುವ ಪ್ರತಿ ಹೊಸ ಮಾದರಿಯ ಜೊತೆ ಒಂದು ಚೀಟಿ ಇರಬೇಕು. ಎಷ್ಟು ಸಲ ಬಿದ್ದರೂ ಬಾಳುತ್ತದೆ, ಬ್ಯಾಟರಿ ಎಷ್ಟು ಸಲ ಚಾರ್ಜು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ, ದೂಳು ನೀರಿಗೆ ಎಷ್ಟು ಭದ್ರ ಎಂಬುದಕ್ಕೆಲ್ಲ ಅದರಲ್ಲಿ ದರ್ಜೆಯೋ ಅಂಕಿಯೋ ಉಂಟು. ಬಾಗುವುದಕ್ಕೆ ಮಾತ್ರ ಅಲ್ಲೂ ದರ್ಜೆ ಇಲ್ಲ. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಕಂಪನಿಗಳು ರಿಪೇರಿ ಮಾಹಿತಿಯನ್ನು ಅಲ್ಲಿ ಹಂಚಿಕೊಳ್ಳಬೇಕೆಂಬುದು ಉದ್ದೇಶ. ಇಂತಿಷ್ಟು ಕೆ.ಜಿ. ಒತ್ತಡಕ್ಕೆ ಈ ಫೋನು ಬಾಗುವುದಿಲ್ಲ ಎಂಬ ಒಂದು ಸಾಲನ್ನು ಡಬ್ಬಿಯ ಮೇಲೆ ಮುದ್ರಿಸಲು ಕಂಪನಿಗಳಿಗೆ ಖರ್ಚೇನೂ ಬರುವುದಿಲ್ಲ. ಅಳತೆ ಅವರ ಪ್ರಯೋಗಾಲಯದಲ್ಲೇ ಇದೆ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪೌಚು ತೆಗೆದು, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಫೋನನ್ನು ಪರದೆ ಕೆಳಗಾಗಿ ಇಟ್ಟು, ಕಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಬಟನ್ ಹತ್ತಿರ ಮುರಿದಂತೆ ತಿರುವಿದ್ದರೆ ಚೌಕಟ್ಟು ಬಾಗಿದೆ ಎಂದರ್ಥ. ಮಂಡಿಗೆ ಒತ್ತಿ ನೆಟ್ಟಗೆ ಮಾಡುವ ಸಾಹಸ ಬೇಡ, ಒಳಗಿನ ಬ್ಯಾಟರಿಗೂ ಬೋರ್ಡಿಗೂ ಪೆಟ್ಟಾಗುತ್ತದೆ. ನಡುವೆ ಉಬ್ಬಿದ್ದು ಅಂಚಿನಲ್ಲಿ ಸಂದಿ ಬಿಟ್ಟಿದ್ದರೆ ಅದು ಬ್ಯಾಟರಿಯ ಕೆಲಸ. ಅಂಥ ಫೋನನ್ನು ಚಾರ್ಜಿಗೆ ಹಾಕದೆ, ಒತ್ತದೆ, ಸ್ವಿಚ್ ಆಫ್ ಮಾಡಿ ಅದೇ ದಿನ ರಿಪೇರಿಯವರಿಗೆ ಕೊಟ್ಟು ಬ್ಯಾಟರಿ ಬದಲಿಸಿಕೊಳ್ಳಿ. ಬೈಕು ಹತ್ತುವ ಮುಂಚೆ ಹಿಂದಿನ ಜೇಬಿನ ಫೋನನ್ನು ಮುಂದಿನ ಜೇಬಿಗೆ ಹಾಕಿಕೊಳ್ಳಿ.